ಕೇಳದೇ ಹಾಕಿದ ಬಸ್ಸು

"ಮುಟ್ಟಬ್ಯಾಡ್ರಿ ಆ ಕಂಪ್ಯೂಟರ್‌ನ!"

ಆಶಾರಾಣಿಯ ದನಿಗೆ ಹೊಸದುರ್ಗ ಬಸ್‌ಸ್ಟ್ಯಾಂಡ್ ಎದುರಿನ ಡಿಟಿಪಿ ಅಂಗಡಿಯೇ ಬೆಚ್ಚಿತು. ಗಿರಾಕಿಗಳ ಮುಖ ನೋಡಿ ಮಾತಾಡಲೂ ನಾಚುವ ಹುಡುಗಿ... ಹೀಗೆ ಕೂಗಿದ್ದು ಇದೇ ಮೊದಲು!

ರಿಪೇರಿಗೆಂದು ಚಿತ್ರದುರ್ಗದಿಂದ ಬರುತ್ತಿದ್ದ ದುರ್ಗೇಶ್ ಕೈ ಹಿಂದಕ್ಕೆಳೆದುಕೊಂಡ.

ಪರದೆ ನೀಲಿಯಾಗಿ ನಿಂತುಬಿಟ್ಟಿತ್ತು. ತಿಮ್ಮರಾಯಪ್ಪನವರ ಮಗಳ ಮದುವೆ ಪತ್ರಿಕೆ ಅದರೊಳಗೇ ಇತ್ತು. ಬಂಧುಗಳ ಹೆಸರುಗಳನ್ನು ಹಿರಿತನ ನೋಡಿ ಜೋಡಿಸಿದ್ದಳು ಆಶಾ. ಸಂಜೆ ಪ್ರೆಸ್‌ಗೆ ಹೋಗಬೇಕಿತ್ತು.

ಅಂಗಡಿಯ ಒಡತಿ ಮಲ್ಲಕ್ಕ ಬೆಳಿಗ್ಗೆಯೇ ಎಲ್ಲರೆದುರು ಅಂದಿದ್ದಳು: "ಏಳನೇ ಕ್ಲಾಸಿಗೆ ಸ್ಕೂಲ್ ಬಿಟ್ಟೋಳ ಕೈಗೆ ಮಷಿನ್ ಕೊಟ್ನಲ್ಲ, ನನ್ ಬುದ್ಧಿಗಿಷ್ಟು! ಸಂಜೆಯೊಳಗೆ ಪತ್ರಿಕೆ ಸಿಗ್ಲಿಲ್ಲಾಂದ್ರೆ ನಾಳೆಯಿಂದ ಬರಬ್ಯಾಡ."

"ನಿನ್ನೆ ಇದರ ಮುಂದೆ ಕುಂತೋರು ನೀವು," ಆಶಾ ಹಲ್ಲು ಕಚ್ಚಿದಳು. "ಏನ್ ಹಾಕಿದ್ರಿ?"

"ಊಟದ ಹೊತ್ನಾಗೆ ನೀವು ಬಸ್ಸಿನ ಗೇಮ್ ಆಡ್ತೀರಲ್ಲ... ಅದಕ್ಕೊಂದು ಮಾಡ್."

"ಹಂಗಂದ್ರೆ?"

"ಬೇರೆ ಯಾರೋ ಮಾಡಿ ನೆಟ್‌ಗೆ ಹಾಕಿರೋದು. ಸೇರಿಸಿದ್ರೆ ಗೇಮಿನಾಗೆ ನಮ್ ಕಡೆ ಬಸ್ ಓಡ್ತತೆ. ಬಸ್ಸಿನ ಹಣೆ ಮ್ಯಾಲೆ ದೇವ್ರ ಹೆಸರಿರೋ ಜಾಗದಾಗೆ..." ಅವನು ತಲೆ ತಗ್ಗಿಸಿದ. "ನಿಮ್ ಹೆಸ್ರು ಬರೆದಿದ್ದೆ."

ಅವಳ ಎದೆ ಝಲ್ಲೆಂದಿತು. ಮರುಕ್ಷಣವೇ ಸಿಟ್ಟು ನೆತ್ತಿಗೇರಿತು!

"ಆ್ಯಂಟಿವೈರಸ್ ಏನೂ ಅನ್ಲಿಲ್ವಾ?"

"ಬ್ಯಾಡ ಅಂತು. ಮಾಡ್ ಹಾಕುವಾಗ ಹಂಗೇ ಕೂಗ್ತತೆ ಅಂದ್ಕೊಂಡು ಆಫ್ ಮಾಡ್ದೆ."

"ನನ್ ಫೈಲ್‌ಗಳನ್ನ ಸಿಡಿಗಾದ್ರೂ ಇಳಿಸ್ಕೊಂಡ್ರಾ?"

"ಇಲ್ಲ..."

"ನನ್ನ ಕೇಳಿದ್ರಾ?"

ಅವನು ಕುರ್ಚಿ ಹಿಂದಕ್ಕೆ ಸರಿಸಿದ.

"ಅಂಗಡಿಗೆ ಬಂದೋರೆಲ್ಲಾ ಓದೋ ಹಂಗೆ ನನ್ ಹೆಸ್ರು ಬರಿಯಾಕೆ ನೀವ್ಯಾರ್ರಿ? ಆಟ ನಿಮ್ದು, ಕೆಲ್ಸ ಹೋಗೋದು ನಂದು!"

ದುರ್ಗೇಶ್ ಎದ್ದು ಹೊರಟೇಹೋದ.

'ಹೋದ... ಎಲ್ಲಾ ನನ್ನ ತಲೆಗೆ ಕಟ್ಟಿ ಹೋದ!' ಕಣ್ಣೀರು ಕೀಬೋರ್ಡ್ ಮೇಲೆ ಬೀಳದಂತೆ ಅವಳು ಮುಖ ತಿರುಗಿಸಿಕೊಂಡಳು.

ಸ್ವಲ್ಪ ಹೊತ್ತಿಗೆ ಮೆಟ್ಟಿಲ ಮೇಲೆ ಮಲ್ಲಕ್ಕನ ದನಿ. ಅವಳನ್ನು ಮನೆಯಿಂದ ಕರೆತಂದವನು ದುರ್ಗೇಶನೇ!

"ತಪ್ಪು ನಂದು, ಮಲ್ಲಕ್ಕ. ಇವ್ರೇನೂ ಮುಟ್ಟಿಲ್ಲ."

"ಲೇ ದುರ್ಗೇಶ, ಬಸ್ ಓಡ್ಸಾಕೆ ನನ್ ಅಂಗಡಿ ಏನು ಡಿಪೋನಾ? ಇದನ್ನ ಸರಿ ಮಾಡು. ಆಮೇಲೆ ಈ ಮೆಟ್ಲು ಹತ್ತಬ್ಯಾಡ!"

ಅವನು ಹಾರ್ಡ್‌ಡಿಸ್ಕ್ ಬಿಚ್ಚಿ ಪಕ್ಕದ ಕಂಪ್ಯೂಟರ್‌ಗೆ ಜೋಡಿಸಿದ. ಈ ಸಲ ಆ್ಯಂಟಿವೈರಸ್ ಆಫ್ ಮಾಡಲಿಲ್ಲ. ಸ್ಕ್ಯಾನ್ ಮುಗಿಯುವ ತನಕ ಆಶಾ ಪರದೆಯಿಂದ ಕಣ್ಣು ಕೀಳಲಿಲ್ಲ.

ಪತ್ರಿಕೆ ತೆರೆಯಿತು. ಸೋದರಮಾವಂದಿರು, ಚಿಕ್ಕಪ್ಪಂದಿರು... ಒಬ್ಬರೂ ತಪ್ಪಿರಲಿಲ್ಲ!

ಮಲ್ಲಕ್ಕ ಇಣುಕಿ ನೋಡಿ, "ಹೂಂ, ನಾಳೆ ಬೇಗ ಬಾ ತಾಯಿ," ಎಂದಷ್ಟೇ ಹೇಳಿ ಪತ್ರಿಕೆಯ ಸಿಡಿ ಹಿಡಿದು ಪ್ರೆಸ್‌ ಕಡೆ ನಡೆದಳು.

ದುರ್ಗೇಶ್ ಸ್ಕ್ರೂಡ್ರೈವರ್ ಚೀಲಕ್ಕೆ ಹಾಕಿಕೊಂಡ.

"ಇನ್ನೊಂದ್ಸಲ ಮಾಡ್ ಹಾಕೋದಾದ್ರೆ ಗೊತ್ತಿರೋ ಸೈಟಿಂದ ತಗೊಂಡು, ಸ್ಕ್ಯಾನ್ ಮಾಡಿ, ಕೆಟ್ರೆ ಹಿಂದಿನಂಗೆ ಮಾಡಾಕೆ ರಿಸ್ಟೋರ್ ಪಾಯಿಂಟ್ ಇಟ್ಟು, ಗೇಮಿನದೊಂದು ಕಾಪಿ ತೆಗೆದಿಟ್ಟು..."

"ನನ್ನ ಕೇಳಿ!" ಎಂದಳು ಆಶಾ.

"ಹೌದು. ಕೇಳೇ ಹಾಕ್ಬೇಕು."

ಬಾಗಿಲವರೆಗೆ ಹೋದವನು ತಿರುಗಿ ನಿಂತ. "ಆಶಾ ಅವರೇ... ನೀವಂದ್ರೆ ನಂಗೆ ಇಷ್ಟ. ನಿಮ್ಮನೆಗೆ ಬಂದು ಹೆಣ್ಣು ಕೇಳ್ಲಾ?"

"ನಂಗಿನ್ನೂ ಸಿಟ್ಟು ಇಳಿದಿಲ್ಲ."

"ಇರ್ಲಿ ಬಿಡ್ರಿ."

"ನಮ್ಮಪ್ಪ ಬೈತಾರೆ."

"ಬೈಸ್ಕೊಂತೀನಿ. ಆಮೇಲೆ?"

"ಆಮೇಲೆ ನಾನು ಬೈತೀನಿ..." ಅವಳ ದನಿ ತಗ್ಗಿತು. "ಆದ್ರೂ ಬರ್ರಿ."