ಆರು ನೂರರ ಪರವಾನಗಿ

ಉದ್ಯಾನದ ಪರವಾನಗಿ ಕೋಣೆಯ ಕಿಟಕಿ ಅರ್ಧ ತೆರೆದಿತ್ತು. ಬೆಳಗಿನ ಐದೂ ಮುಕ್ಕಾಲು. ನಸುಕಿನಲ್ಲೇ ಬರುವ ಫೋಟೋಗ್ರಾಫರುಗಳಿಗಾಗಿ ಗುಮಾಸ್ತ ಕೆಲವು ದಿನ ಬೇಗ ಬಂದು ಕೂರುವುದಿತ್ತು. ಆದರೆ ಒಳಗೆ ದೀಪವಿರಲಿಲ್ಲ. ಮಾಲಿ ಕಿಟಕಿಗೆ ಮುಖವಿಟ್ಟು ನೋಡಿದ. ಹೆಗಲ ಮೇಲಿದ್ದ ನೀರಿನ ಪೈಪು ಜಾರಿ ಬಿತ್ತು.

ಗುಮಾಸ್ತ ಮೇಜಿನ ಕೆಳಗೆ ಬಿದ್ದಿದ್ದ. ತಲೆಯ ಹಿಂಭಾಗ ಒಡೆದಿತ್ತು. ಕಾಗದ ಹಾರದಂತೆ ಇಡುವ ಕಬ್ಬಿಣದ ಗುಂಡು ಪಕ್ಕದಲ್ಲೇ ಇತ್ತು.

ಇನ್‌ಸ್ಪೆಕ್ಟರ್ ಬಂದಾಗ ಆರೂವರೆ. ನಡುವಯಸ್ಸಿನ ಹೆಂಗಸು. ಮಾತು ಕಡಿಮೆ. ಬಾಗಿಲಲ್ಲೇ ನಿಂತು ಕೋಣೆಯನ್ನು ಒಮ್ಮೆ ಪೂರ್ತಿ ನೋಡಿದಳು. ಕಂಪ್ಯೂಟರ್, ಪ್ರಿಂಟರ್, ಮೊಹರು, ಮಸಿ. ಎಲ್ಲವೂ ಗೆರೆ ಎಳೆದಂತೆ ಸಾಲಾಗಿದ್ದವು. ಮೇಜಿನ ಮೇಲೆ ಒಂದೇ ಒಂದು ಕಾಗದ. ಗಾಜಿನ ಮನೆಯಲ್ಲಿ ಛಾಯಾಚಿತ್ರ ತೆಗೆಯಲು ಪರವಾನಗಿ. ಅದೇ ದಿನ, ಬೆಳಿಗ್ಗೆ ಐದೂವರೆಯಿಂದ ಏಳು. ಶುಲ್ಕ ಆರು ನೂರು. ಕೆಳಗೆ ಮೊಹರು.

"ಇವರಿಗೆ ಯಾರ ಮೇಲಾದ್ರೂ ದ್ವೇಷ ಇತ್ತಾ?"

"ಅಯ್ಯೋ, ಇವರ ಮೇಲೇ ಎಲ್ಲರಿಗೂ ಸಿಟ್ಟು ಮೇಡಂ," ಎಂದ ಮಾಲಿ. "ನಾವು ಇವರಿಗೆ ರೂಲ್ಸು ಅಂತಾನೇ ಹೆಸರಿಟ್ಟಿದ್ವಿ. ಹುಲ್ಲಿನ ಮೇಲೆ ಚಾಪೆ ಹಾಸೋಕೂ ಚೀಟಿ ಕೇಳೋರು. ಗುಬ್ಬಿ ಗೂಡು ಕಟ್ಟಿದ್ರೂ ಅರ್ಜಿ ಕೊಡು ಅಂತಾರೆ ಅಂತ ನಗ್ತಿದ್ವಿ." ಅವನು ಬಿದ್ದ ಪೈಪನ್ನು ಸುತ್ತತೊಡಗಿದ. "ಆದ್ರೆ ಒಂದು ಪೈಸೆ ಮುಟ್ಟಿದವರಲ್ಲ."

"ಮೊನ್ನೆ ಯಾರೋ ಜಗಳ ಆಡಿದ್ರು ಅಂತ ಗೇಟಲ್ಲಿ ಹೇಳಿದ್ರು?"

ಮಾಲಿ ಉತ್ತರಿಸುವ ಮೊದಲೇ ಕಾನ್‌ಸ್ಟೇಬಲ್ ಯಾರೋ ಗಂಡಸೊಬ್ಬನನ್ನು ತೋಳು ಹಿಡಿದು ಎಳೆದು ತಂದ. ಕುತ್ತಿಗೆಯಲ್ಲಿ ಕ್ಯಾಮೆರಾ.

"ಹಿಂದಿನ ಗೇಟ್ ಹತ್ತಿರ ಸಿಕ್ಕಿದ ಮೇಡಂ. ಪರವಾನಗಿ ಇವನ ಹೆಸರಲ್ಲೇ ಇದೆ."

* * *

ಫೋಟೋಗ್ರಾಫರನ ಮುಖ ಬಿಳಿಚಿಕೊಂಡಿತ್ತು.

"ಜಗಳ ಆಡಿದ್ದು ನಿಜ. ನಿನ್ನ ಕಿಟಕಿ ಮುಚ್ಚಿಸ್ತೀನಿ ಅಂದಿದ್ದೂ ನಿಜ. ನಾಲ್ಕು ಜನ ಕೇಳಿದಾರೆ, ಇಲ್ಲ ಅನ್ನಲ್ಲ. ಆದ್ರೆ ನಾನು ಅರ್ಜೀನೇ ಹಾಕಿಲ್ಲ."

"ಮತ್ತೆ ಈ ಹೊತ್ತಲ್ಲಿ ಇಲ್ಲೇನು ಕೆಲಸ?"

"ಪರವಾನಗಿ ಇಲ್ಲದೆ ಒಳಗೆ ನುಗ್ಗೋಕೆ ಬಂದೆ. ಅದೊಂದು ತಪ್ಪು ಒಪ್ಕೋತೀನಿ."

ಆಕೆ ಕಾಗದ ತೋರಿಸಿದಳು. ಅವನು ಓದಿದ. ಹುಬ್ಬು ಮೇಲೇರಿತು.

"ಆರು ನೂರಾ? ಮೇಡಂ, ನಾಲ್ಕು ನೂರು ಜಾಸ್ತಿ ಆಯ್ತು ಅಂತಾನೇ ನಾನು ಜಗಳ ಆಡಿದ್ದು!"

ಆಕೆ ಗೋಡೆಯ ಮೇಲಿನ ಫಲಕದತ್ತ ತಿರುಗಿದಳು. ಹುಲ್ಲುಹಾಸು, ಸಂಗೀತ ಮಂಟಪ, ಗಾಜಿನ ಮನೆ. ಛಾಯಾಚಿತ್ರಕ್ಕೆ ನಾಲ್ಕು ನೂರು ಎಂದೇ ಬರೆದಿತ್ತು.

ಅಷ್ಟರಲ್ಲಿ ವೈದ್ಯರು ಕೈಗವಸು ಕಳಚುತ್ತ ಹೊರಬಂದರು.

"ಇವತ್ತು ಬೆಳಿಗ್ಗೆ ಆದದ್ದಲ್ಲ ಇದು. ಮೈ ಪೂರ್ತಿ ಸೆಟೆದುಕೊಂಡಿದೆ. ನಿನ್ನೆ ಸಂಜೆ, ಆರರಿಂದ ಎಂಟರ ಒಳಗೆ."

"ನಿನ್ನೆ ಸಂಜೆ ಎಲ್ಲಿದ್ರಿ?" ಆಕೆ ಫೋಟೋಗ್ರಾಫರನನ್ನು ಕೇಳಿದಳು.

"ಮದುವೆ ಮನೇಲಿ. ಮುನ್ನೂರು ಜನರ ಫೋಟೋ ತೆಗೀತಿದ್ದೆ. ಬೇಕಾದ್ರೆ ಎಲ್ಲರನ್ನೂ ಕೇಳಿ."

* * *

ಎಂಟು ಗಂಟೆಗೆ ಉದ್ಯಾನದ ಮೇಲ್ವಿಚಾರಕರು ಬಂದರು. ಇಸ್ತ್ರಿ ಮಾಡಿದ ಅಂಗಿ, ಬಾಚಿದ ತಲೆ. ಒಳಗೆ ಹೆಣವಿನ್ನೂ ಇತ್ತು. ಅವರು ಗಮ್ಮಿನ ಡಬ್ಬಿ ಹಿಡಿದು ಫಲಕದ ಮೇಲೆ ಹೊಸ ಹಾಳೆಯೊಂದನ್ನು ಅಂಟಿಸುತ್ತ ನಿಂತರು. ಬೆರಳಿನಿಂದ ಒಂದೊಂದೇ ಗುಳ್ಳೆ ಒತ್ತಿ ಸಮ ಮಾಡಿದರು. ಇನ್‌ಸ್ಪೆಕ್ಟರ್ ಹತ್ತಿರ ಹೋದಳು.

"ಏನದು ಸರ್?"

"ಹೊಸ ದರ ಮೇಡಂ. ಇವತ್ತು ಒಂದನೇ ತಾರೀಕಲ್ವಾ, ಇವತ್ತಿಂದ ಜಾರಿ. ಏನೇ ಆದ್ರೂ ಆಫೀಸ್ ಕೆಲಸ ನಿಲ್ಲಬಾರದು."

"ಆದೇಶ ಯಾವಾಗ ಬಂತು?"

"ನಿನ್ನೆ ಸಂಜೆ ಆರಕ್ಕೆ. ಮುಚ್ಚಿದ ಲಕೋಟೆ, ನನ್ನ ಕೈಗೇ ಕೊಟ್ಟು ಹೋದ್ರು."

"ಗುಮಾಸ್ತರಿಗೆ ಹೇಳಿದ್ರಾ?"

"ಎಲ್ಲಿ ಹೇಳೋದು? ಅವನು ಐದೂವರೆಗೇ ಕಿಟಕಿ ಹಾಕಿ ಹೋಗಿದ್ದ. ಬೆಳಿಗ್ಗೆ ಹೇಳೋಣ ಅಂದ್ಕೊಂಡೆ. ಪಾಪ."

ಆಕೆ ತಲೆಯಾಡಿಸಿದಳು. ಏನೂ ಬರೆದುಕೊಳ್ಳಲಿಲ್ಲ.

"ಮೇಡಂ, ಒಂದು ವಿಷಯ," ಅವರು ದನಿ ತಗ್ಗಿಸಿದರು. "ಹತ್ತು ಗಂಟೆಗೆ ಗಾಜಿನ ಮನೇಲಿ ಶಾಲೆ ಮಕ್ಕಳ ಕಾರ್ಯಕ್ರಮ ಇದೆ. ಗಾಜಿನ ಮನೆಗೂ ಇದಕ್ಕೂ ಸಂಬಂಧ ಇಲ್ಲ. ಬಿಡ್ತೀರಿ ತಾನೆ?"

ಗಾಜಿನ ಮನೆ ಉದ್ಯಾನದ ಆ ತುದಿಗಿತ್ತು. ಬೇಡ ಎನ್ನಲು ಕಾರಣವೇನೂ ಆಕೆಗೆ ತೋಚಲಿಲ್ಲ.

* * *

ಗುಮಾಸ್ತ ತನ್ನ ಅಕ್ಕನ ಜೊತೆ ವಾಸವಾಗಿದ್ದ. ಇಬ್ಬರೇ. ಅಕ್ಕ ಆಸ್ಪತ್ರೆಯಲ್ಲಿ ನರ್ಸ್. ರಾತ್ರಿ ಪಾಳಿ ಮುಗಿಸಿ ಬಂದು ಚಪ್ಪಲಿ ಬಿಡುತ್ತಿದ್ದಂತೆಯೇ ಸುದ್ದಿ ತಲುಪಿತ್ತು. ಒಂದು ಕಾಲಲ್ಲಿ ಚಪ್ಪಲಿ ಇನ್ನೂ ಇತ್ತು. ಹಾಗೇ ಕುಳಿತಿದ್ದಳು.

ಇನ್‌ಸ್ಪೆಕ್ಟರ್ ನೆಲದ ಮೇಲೆ ಅವಳ ಎದುರು ಕುಳಿತಳು.

"ಅಕ್ಕ, ಈಚೆಗೆ ಅವರು ಏನಾದ್ರೂ ಹೇಳ್ಕೊಂಡಿದ್ರಾ?"

"ಒಂದು ವಾರದಿಂದ ಸರಿಯಾಗಿ ಊಟ ಮಾಡಿಲ್ಲ ಅವನು. ಅದೇ ಮಾತು. ಗಾಜಿನ ಮನೆ, ಗಾಜಿನ ಮನೆ."

"ಏನಂತ?"

"ಮೇಲಿನ ಕಬ್ಬಿಣದ ತೊಲೆ ತುಕ್ಕು ತಿಂದು ಹೋಗಿದೆಯಂತೆ. ಬದಲಾಯಿಸಿ ಎರಡು ವರ್ಷ ಆಯ್ತು ಅಂತ ಕಾಗದದಲ್ಲಿದೆಯಂತೆ. ಬದಲಾಯಿಸೇ ಇಲ್ಲವಂತೆ. ಶಾಲೆಯವರು ಬಂದಾಗ ಇವನು ಪರವಾನಗಿ ಕೊಡಲ್ಲ ಅಂದ. ದೊಡ್ಡೋರು ತಾವೇ ಮೊಹರು ಒತ್ತಿ ಕೊಟ್ರಂತೆ." ಅವಳು ಸೆರಗಿನಿಂದ ಬಾಯಿ ಒತ್ತಿ ಹಿಡಿದಳು. "ನಿನ್ನೆ ಹೇಳ್ದ: ಅಕ್ಕ, ಸಂಜೆ ಕೂತು ಮುಖ್ಯ ಕಚೇರಿಗೆ ಕಾಗದ ಬರೀತೀನಿ, ಮೊಬೈಲಲ್ಲಿ ತೊಲೆ ಫೋಟೋ ತೆಗ್ದಿದೀನಿ, ಅಷ್ಟು ಮಕ್ಕಳನ್ನ ಅದರ ಕೆಳಗೆ ಕೂರಿಸೋಕೆ ನನ್ನ ಕೈಲಾಗಲ್ಲ ಅಂತ."

ಕೋಣೆಯಲ್ಲಿ ಮೊಬೈಲ್ ಸಿಕ್ಕಿರಲಿಲ್ಲ.

ಇನ್‌ಸ್ಪೆಕ್ಟರ್ ಗಡಿಯಾರ ನೋಡಿದಳು. ಹತ್ತಕ್ಕೆ ಇನ್ನು ಹನ್ನೆರಡು ನಿಮಿಷ. ಉದ್ಯಾನದಲ್ಲಿದ್ದ ಕಾನ್‌ಸ್ಟೇಬಲ್‌ಗೆ ಫೋನ್ ಹಚ್ಚುತ್ತ ಜೀಪಿಗೆ ಓಡಿದಳು; ಅವನು ಎತ್ತಲಿಲ್ಲ.

* * *

ಜೀಪು ಗೇಟಿನೊಳಗೆ ನುಗ್ಗುವ ಹೊತ್ತಿಗೇ ಡ್ರಮ್ಮಿನ ಸದ್ದು ಕೇಳಿಸುತ್ತಿತ್ತು. ಗಾಜಿನ ಮನೆಯೊಳಗೆ ಮಕ್ಕಳು ಸಾಲುಸಾಲಾಗಿ ಕುಳಿತಿದ್ದರು. ಬಿಳಿ ಅಂಗಿ, ನೀಲಿ ಲಂಗ, ನೀಲಿ ಚಡ್ಡಿ. ಮುಂದೆ ಆರು ಜನ ಡ್ರಮ್ ಬಾರಿಸುತ್ತಿದ್ದರು. ಪ್ರತಿ ಏಟಿಗೂ ಮೇಲಿನ ಗಾಜು ಝಣಝಣ ಅನ್ನುತ್ತಿತ್ತು. ತೊಲೆಯಿಂದ ಕೆಂಪು ಪುಡಿ ಸಣ್ಣಗೆ ಉದುರಿ ಮಕ್ಕಳ ಬಿಳಿ ಅಂಗಿಗಳ ಮೇಲೆ ಬೀಳುತ್ತಿತ್ತು. ಯಾರೂ ತಲೆ ಎತ್ತಿರಲಿಲ್ಲ.

"ಡ್ರಮ್ ನಿಲ್ಸಿ!"

ಸದ್ದು ನಿಂತಿತು. ಆ ಮೌನದಲ್ಲಿ ಮೇಲೆಲ್ಲೋ ಕಬ್ಬಿಣ ಕಿರ್ರೆಂದಿತು.

ಆಕೆ ದನಿ ಇಳಿಸಿದಳು. "ಮಕ್ಕಳೇ, ಒಂದು ಆಟ. ಸದ್ದಿಲ್ಲದೆ ಯಾರು ಹೊರಗೆ ಹೋಗ್ತಾರೆ ನೋಡೋಣ. ಓಡಬಾರದು. ಹಿಂದಿನ ಸಾಲು ಮೊದಲು."

ಟೀಚರು ಅವಳ ಮುಖ ನೋಡಿದರು. ಹಿಂದಿನ ಸಾಲಿನತ್ತ ನಡೆದರು. ಸಾಲು ಸಾಲಾಗಿ ಮಕ್ಕಳು ಎದ್ದರು. ಕೊನೆಯ ಹುಡುಗಿ ಮರೆತ ನೀರಿನ ಬಾಟಲಿಗೆ ಹಿಂತಿರುಗಿದಳು. ಮಾಲಿ ಅವಳನ್ನು ಎತ್ತಿ ಕಂಕುಳಲ್ಲಿ ಸಿಕ್ಕಿಸಿಕೊಂಡು ಹೊರಬಂದ.

ಎಲ್ಲರೂ ದೂರ ನಿಂತ ಮೇಲೆ ಮಾಲಿ ಉದ್ದದ ಬಿದಿರಿನ ಗಳದಿಂದ ಬಾಗಿಲ ಪಕ್ಕದ ತೊಲೆಯನ್ನು ಚುಚ್ಚಿದ. ಗಳ ಅದರೊಳಗೆ ಗೇಣುದ್ದ ಇಳಿಯಿತು.

ಮೇಲ್ವಿಚಾರಕರು ಪಕ್ಕದಲ್ಲೇ ಇದ್ದರು.

* * *

"ಗುಮಾಸ್ತರು ಸತ್ತಿದ್ದು ನಿನ್ನೆ ಸಂಜೆ," ಎಂದಳು ಇನ್‌ಸ್ಪೆಕ್ಟರ್. "ಅಂದ್ಮೇಲೆ ಬೆಳಗಿನ ಪರವಾನಗಿ ಮೇಜಿನ ಮೇಲೆ ಯಾಕೆ? ನಸುಕಿನಲ್ಲಿ ಫೋಟೋಗ್ರಾಫರ್ ಬಂದ, ಹಣದ ಬಗ್ಗೆ ಜಗಳ ಆಯ್ತು, ಹೊಡೆದ ಅಂತ ನಾವು ನಂಬಲಿ ಅಂತ. ಮೊನ್ನೆಯ ಜಗಳ ಎಲ್ಲರಿಗೂ ಗೊತ್ತಿತ್ತು. ನಿಮಗೂ."

"ಅದನ್ನ ಯಾರು ಬೇಕಾದ್ರೂ ಮಾಡಿರಬಹುದು."

"ಇಲ್ಲ ಸರ್. ನಿನ್ನೆ ಮಧ್ಯಾಹ್ನ ಗುಮಾಸ್ತರು ಇವತ್ತಿನ ದಿನಕ್ಕೇ ಇನ್ನೊಂದು ಫೋಟೋ ಪರವಾನಗಿ ಕೊಟ್ಟಿದಾರೆ. ಫೈಲಲ್ಲಿ ನಕಲು ಇದೆ. ಅದರಲ್ಲಿ ನಾಲ್ಕು ನೂರು. ಅವರಿಗೆ ಹೊಸ ದರ ಗೊತ್ತಿರಲಿಲ್ಲ. ಫೋಟೋಗ್ರಾಫರನಿಗೂ ಗೊತ್ತಿಲ್ಲ. ಫಲಕದ ಮೇಲೆ ನೀವು ಹಾಳೆ ಅಂಟಿಸಿದ್ದೇ ಇವತ್ತು ಎಂಟಕ್ಕೆ. ಆದೇಶ ಓದಿದವರು ಈ ಉದ್ಯಾನದಲ್ಲಿ ಒಬ್ಬರೇ. ಒಂದನೇ ತಾರೀಕಿಗೆ ಹೊಸ ದರ ಅಂತ ಲೆಕ್ಕ ತಪ್ಪದೆ ಆರು ನೂರು ಹಾಕಿದವರೂ ಅವರೇ."

ಕಾನ್‌ಸ್ಟೇಬಲ್ ಮೇಲ್ವಿಚಾರಕರ ಬೀರುವಿನಿಂದ ತಂದ ಮೊಬೈಲನ್ನು ಆಕೆಯ ಕೈಗಿತ್ತ. ಅದರ ಹಿಂದೆ ಗುಮಾಸ್ತನ ಹೆಸರಿನ ಚೀಟಿ ಅಂಟಿಸಿತ್ತು, ಅಂಚು ಸರಿಯಾಗಿ ಕತ್ತರಿಸಿದ ಚೀಟಿ.

"ತೊಲೆ ಬದಲಾಯಿಸಿದ್ದೇವೆ ಅಂತ ಸಹಿ ಹಾಕಿದ್ದೆ," ಅವರು ಕೊನೆಗೆ ಹೇಳಿದರು. "ಮೇಲೆ ಹತ್ತಿ ನೋಡಿರಲಿಲ್ಲ. ಅವನು ಕಾಗದ ಮಡಚ್ತಾ ಕೂತಿದ್ದ. ಬೇಡ ಅಂದೆ. ತಲೆ ಎತ್ತಿ ಕೂಡ ನೋಡಲಿಲ್ಲ."

"ಮಕ್ಕಳನ್ನಾದ್ರೂ ತಡೀಬಹುದಿತ್ತಲ್ಲ?"

"ತಡೆದ್ರೆ ಯಾಕೆ ಅಂತ ಕೇಳ್ತಾರೆ. ಒಂದೇ ಗಂಟೆ ಕಾರ್ಯಕ್ರಮ. ಇಷ್ಟು ವರ್ಷ ನಿಂತಿದೆ, ಇನ್ನೊಂದು ಗಂಟೆ ನಿಲ್ಲಲ್ವಾ ಅಂದ್ಕೊಂಡೆ."

ಆಕೆ ಕೋಳ ಹಾಕಲು ಸನ್ನೆ ಮಾಡಿದಳು.

* * *

ಮಧ್ಯಾಹ್ನ ಶವಾಗಾರದ ಹೊರಗಿನ ಬೆಂಚಿನ ಮೇಲೆ ಅಕ್ಕ ಕುಳಿತಿದ್ದಳು. ಇನ್‌ಸ್ಪೆಕ್ಟರ್ ಬಂದು ಪಕ್ಕದಲ್ಲಿ ಕುಳಿತು ನಡೆದದ್ದನ್ನೆಲ್ಲ ಹೇಳಿದಳು. ಅಕ್ಕ ಅಳದೆ ಕೇಳಿಸಿಕೊಂಡಳು. ಕೊಂದವನ ಬಗ್ಗೆ ಒಂದು ಮಾತೂ ಕೇಳಲಿಲ್ಲ.

"ಎಷ್ಟು ಮಕ್ಕಳಿದ್ರು?"

"ನೂರ ಹನ್ನೆರಡು."

"ಎಲ್ಲರೂ ಮನೆಗೆ ಹೋದ್ರಾ?"

"ಹೋದ್ರು ಅಕ್ಕ. ನಾನೇ ಎಣಿಸಿ ಬಸ್ ಹತ್ತಿಸಿದೆ."

ಅವಳು ತಲೆಯಾಡಿಸಿದಳು. ಬಾಗಿಲು ತೆರೆಯಿತು. ಒಳಗಿನಿಂದ ಯಾರೋ ಅವಳನ್ನು ಕರೆದರು. ಅವಳು ಎದ್ದು, ಸೀರೆಯ ನೆರಿಗೆ ಸರಿಮಾಡಿಕೊಂಡು, ತಮ್ಮನನ್ನು ನೋಡಲು ಒಳಗೆ ಹೋದಳು.