ಜೋಳ ಒಲ್ಲೆನೆಂದ ಬೆಕ್ಕು

ಗೂಡಿನ ಬಾಗಿಲಿಗೆ ಹಾಕಿದ ಚಿಲಕ ಹಾಕಿದ ಹಾಗೇ ಇತ್ತು. ಒಳಗೆ ಹಕ್ಕಿ ಮಾತ್ರ ಇರಲಿಲ್ಲ.

ಸಂಜೆ ಕಾಳು ಹಾಕಲು ಮಾಳಿಗೆ ಹತ್ತಿದ್ದ ಹುಲೆಪ್ಪನವರು ಕೆಳಗಿಳಿದು ಬಂದಾಗ ಅವರ ಅಂಗೈಯಲ್ಲಿ ಬಿಳಿಯ ಗರಿಗಳಿದ್ದವು. ಅಂಗಳದ ನಡುವೆ ನಿಂತು ಅವನ್ನೇ ನೋಡುತ್ತಿದ್ದರು. ಯಾರ ಮೇಲೂ ಕೂಗಾಡಲಿಲ್ಲ. ಅದೇ ನನಗೆ ಹೆಚ್ಚು ಭಯ ಹುಟ್ಟಿಸಿತು.

“ಚಾಂದನಿ ಹೋತು” ಎಂದರು.

ಚಾಂದನಿ ಅವರ ಹೆಣ್ಣು ಪಾರಿವಾಳ. ಪಂದ್ಯದ ದಿನ ಬೆಳಿಗ್ಗೆ ಹಾರಿಬಿಟ್ಟರೆ ಸಂಜೆಯವರೆಗೂ ಆಕಾಶದಲ್ಲೇ ಇರುತ್ತಿದ್ದ ಹಕ್ಕಿ. ಅತನೂರಿನಲ್ಲಿ ಹುಲೆಪ್ಪನವರನ್ನು ಟೇಲರ್ ಎಂದು ಕರೆಯುವವರಿಗಿಂತ ಚಾಂದನಿಯ ಯಜಮಾನ ಎಂದು ಕರೆಯುವವರೇ ಹೆಚ್ಚು. ಉಳಿದ ಪಾರಿವಾಳಗಳೆಲ್ಲ ದೊಡ್ಡ ಗೂಡಿನಲ್ಲಿ ಒಟ್ಟಿಗಿದ್ದರೆ ಇದಕ್ಕೊಂದೇ ಬೇರೆ ಗೂಡು. ಆ ಗೂಡಿನ ಜಾಳಿಗೆಯ ಒಂದು ಮೂಲೆ ಹರಿದಿತ್ತು. ಆ ಹೊತ್ತಿಗೆ ಮಾಳಿಗೆಯ ಅಂಚಿನಲ್ಲಿ ಮದೀನಾಬಿಯ ಬೆಕ್ಕು ಸುಲ್ತಾನ ಮೈ ಚಾಚಿ ಮಲಗಿತ್ತು.

ಯಾರೂ ಬೇರೆ ಸಾಕ್ಷಿ ಕೇಳಲಿಲ್ಲ.

ಹುಲೆಪ್ಪನವರ ಮನೆಯ ಅಂಗಳದ ಸುತ್ತ ನಾವೆಲ್ಲ ಬಾಡಿಗೆದಾರರು. ಏಣಿಯ ಪಕ್ಕದ ಕೋಣೆ ನನ್ನದು. ದಿನಾ ಬಸ್ಸಿನಲ್ಲಿ ಅಫಜಲಪುರಕ್ಕೆ ಹೋಗಿ ಕಾಲೇಜಿನಲ್ಲಿ ಅರ್ಥಶಾಸ್ತ್ರ ಪಾಠ ಮಾಡುತ್ತೇನೆ. ಎದುರಿನ ಕೋಣೆಯಲ್ಲಿ ಮದೀನಾಬಿ ಜೋಳದ ರೊಟ್ಟಿ ಬಡಿದು ಮಾರುತ್ತಾರೆ. ಮಗಳನ್ನು ನಿಂಬರ್ಗಾಕ್ಕೆ ಕೊಟ್ಟ ಮೇಲೆ ಅವರ ಜೊತೆಗಿದ್ದದ್ದು ಆ ಬೆಕ್ಕೊಂದೇ. ಬೀದಿಗೆ ಮುಖ ಮಾಡಿದ ಅಂಗಡಿಯಲ್ಲಿ ಮಿಲಿಂದ ಝೆರಾಕ್ಸ್ ತೆಗೆಯುತ್ತಾನೆ, ಬಿಡುವಿನಲ್ಲಿ ಊರವರ ಮೇಲೆ ನಗೆಪದ್ಯ ಕಟ್ಟುತ್ತಾನೆ.

ಮರುದಿನವೇ ಊರಿನ ವಾಟ್ಸಪ್ ಗುಂಪಿನಲ್ಲಿ ಅವನ ಹೊಸ ಪದ್ಯ ಬಂತು.

ಹಗಲಿನ ಹೊತ್ತೇ ಏಣಿಯ ಹತ್ತಿ
ಮಾಳಿಗೆ ಸೇರಿತು ಕಳ್ಳ ಬೆಕ್ಕು;
ದೊಡ್ಡವೆ ಗರಿಗಳನಾರಿಸಿ ಕಿತ್ತು
ಮೀಸೆಯ ತಿರುವಿತು ಮಳ್ಳ ಬೆಕ್ಕು.

ಉಂಡಿಯ ತಿಂದು ಕೈಯನು ತೊಳೆದು
ಡರ್ರನೆ ತೇಗಿತು ಜಾಣ ಬೆಕ್ಕು;
ಜೋಳವ ಕೊಟ್ಟರೆ ‘ಒಲ್ಲೆನು’ ಎಂದು
ಕೈಗಳ ಮುಗಿಯಿತು ನಯದ ಬೆಕ್ಕು.

ಇಲಿಗಳ ಕಂಡರೆ ದಾರಿಯ ಬಿಡುವುದು,
ನಕ್ಕರೆ ನಗುವುದು ಠಕ್ಕ ಬೆಕ್ಕು;
ಬೇಡಿಯ ತನ್ನಿರಿ, ಹಿಡಿಯಿರಿ ಬೇಗ—
ಬಾಲವೆ ಇಲ್ಲದ ಬೆರಕಿ ಬೆಕ್ಕು.

ಊರೆಲ್ಲ ನಕ್ಕಿತು. ಬಸ್ಸಿನಲ್ಲಿ ಕಂಡಕ್ಟರ್ ಕೂಡ ಬಾಯಿಪಾಠ ಒಪ್ಪಿಸುತ್ತಿದ್ದ. ಪದ್ಯ ಹಬ್ಬಿದಷ್ಟೂ ಸುಲ್ತಾನನ ಅಪರಾಧ ಗಟ್ಟಿಯಾಯಿತು. ಮದೀನಾಬಿಯ ಗಿರಾಕಿಗಳು ರೊಟ್ಟಿ ಎಣಿಸಿಕೊಳ್ಳುತ್ತ, ನಿಮ್ಮ ಕಳ್ಳ ಎಲ್ಲಿ ಎಂದು ಕೇಳುವಂತಾಯಿತು.

ವಿಷಯ ತಿಳಿದು ಹುಲೆಪ್ಪನವರ ಹೆಂಡತಿ ಭಾಗೀರಥಿಬಾಯಿಯ ತಮ್ಮ ದತ್ತಪ್ಪ ಜೇವರ್ಗಿಯಿಂದ ಮತ್ತೆ ಬಂದ. ನಾಗರಪಂಚಮಿಗೆಂದು ಅಕ್ಕನಿಗೆ ಸಿಹಿ ಉಂಡಿ ಕೊಟ್ಟು ಹೋಗಿ ಇನ್ನೂ ಹೆಚ್ಚು ದಿನವಾಗಿರಲಿಲ್ಲ. ಮಾವ ಎಂದೇ ಕರೆಯುವ ಅಕ್ಕನ ಗಂಡನನ್ನು ಸಮಾಧಾನ ಮಾಡಿದ. ತಾನೂ ಪಾರಿವಾಳ ಸಾಕಿದವನೇ, ಆ ನೋವು ತನಗೂ ಗೊತ್ತು ಎಂದ. ರಕ್ತದ ರುಚಿ ಕಂಡ ಬೆಕ್ಕು ಉಳಿದ ಹಕ್ಕಿಗಳನ್ನೂ ಬಿಡುವುದಿಲ್ಲ, ಚೀಲದಲ್ಲಿ ಕಟ್ಟಿ ಭೀಮಾ ಹೊಳೆಯ ಆಚೆ ದಂಡೆಗೆ ಬಿಟ್ಟು ಬರಬೇಕು, ನೀರು ದಾಟಿಸಿದ ಬೆಕ್ಕು ದಾರಿ ಹಿಡಿದು ವಾಪಸು ಬರುವುದಿಲ್ಲ ಎಂದ. ಭಾನುವಾರ ಆ ಕೆಲಸ ತಾನೇ ಮಾಡುವುದಾಗಿಯೂ ಹೇಳಿದ.

ಮದೀನಾಬಿ ಅತ್ತು ಕರೆಯಲಿಲ್ಲ. ಶನಿವಾರ ಸಂಜೆ ತಮ್ಮ ಹಂಚು, ಹಿಟ್ಟು ನಾದುವ ಕೊಣಮಿಗೆಗಳನ್ನು ಒಂದು ಸೀರೆಯಲ್ಲಿ ಗಂಟು ಕಟ್ಟುತ್ತಿದ್ದರು.

“ಎಲ್ಲಿಗ್ರಿ?” ಎಂದೆ.

“ಅದು ಎಲ್ಲಿ ಇರ್ತದೋ ಅಲ್ಲೇ ನಾನೂ ಇರ್ತೇನಿ, ಬೇಟಾ. ರೊಟ್ಟಿ ತಿನ್ನೋರು ಹೊಳಿ ಆಚೀಗೂ ಇರ್ತಾರ.”

ಆ ಗಂಟನ್ನು ನೋಡಿ ನನಗೆ ನಿದ್ದೆ ಬರಲಿಲ್ಲ. ನನ್ನೊಳಗೆ ಒಂದು ಮಾತು ಸಿಕ್ಕಿಹಾಕಿಕೊಂಡಿತ್ತು. ಹಕ್ಕಿ ಕಳೆದ ದಿನ ತಲೆನೋವೆಂದು ನಾನು ರಜೆ ಹಾಕಿ ಮಲಗಿದ್ದೆ. ಮಧ್ಯಾಹ್ನ ಏಣಿ ಕಿರುಗುಟ್ಟಿದ್ದು ಕೇಳಿಸಿತ್ತು. ಸುಲ್ತಾನ ದಿನಕ್ಕೆ ಎಷ್ಟೋ ಸಲ ಆ ಏಣಿ ಹತ್ತುತ್ತದೆ. ಅದರ ಭಾರಕ್ಕೆ ಏಣಿ ಎಂದೂ ಸದ್ದು ಮಾಡಿದ್ದಿಲ್ಲ. ಆದರೆ ಸದ್ದನ್ನಷ್ಟೇ ಕೇಳಿ, ಯಾರನ್ನೂ ನೋಡದೆ, ಒಂದು ಮನೆಯೊಳಗೆ ಅನುಮಾನ ಬಿತ್ತುವುದು ಹೇಗೆ?

ತಸ್ಲೀಮಳಿಗೆ ಫೋನ್ ಮಾಡಿದೆ. ಕಲಬುರಗಿಯ ಹಾಸ್ಟೆಲಿನಲ್ಲಿ ನನ್ನ ಜೊತೆಗಿದ್ದವಳು. ಈಗ ಜೇವರ್ಗಿಯಲ್ಲಿ ಕನ್ನಡ ಕಲಿಸುತ್ತಾಳೆ. ಆಳಂದದಲ್ಲಿ ಅವಳ ಅಪ್ಪ ಮಲಂಗಸಾಬರು ಮನೆಯ ತುಂಬ ಪಾರಿವಾಳ ಸಾಕಿದ್ದರು. ಎಲ್ಲ ಕೇಳಿಸಿಕೊಂಡು, ಆ ಪದ್ಯ ಕಳಿಸು ಎಂದಳು. ಸ್ವಲ್ಪ ಹೊತ್ತಿಗೆ ಅವಳೇ ಫೋನ್ ಮಾಡಿದಳು.

“ಬೆಕ್ಕಿನ್ನ ಎಲ್ಲಿಗೂ ಒಯ್ಯಾಕ ಬಿಡಬ್ಯಾಡ. ಮುಂಜಾನಿ ಮೊದಲ ಬಸ್ಸಿಗೆ ಬರ್ತೇನಿ.”

ಭಾನುವಾರ ಅವಳು ಬಂದಾಗ ಗೋಣಿಚೀಲದ ಬಾಯಿ ಆಗಲೇ ಕಟ್ಟಿಯಾಗಿತ್ತು. ಚೀಲ ಅಲ್ಲಾಡುತ್ತಿತ್ತು. ಪಕ್ಕದಲ್ಲಿ ಮದೀನಾಬಿ ಗಂಟಿನ ಮೇಲೆ ಕೈಯಿಟ್ಟು ಕುಳಿತಿದ್ದರು. ದತ್ತಪ್ಪ ಬೈಕ್ ಒರೆಸುತ್ತಿದ್ದ.

ಗರಿಗಳನ್ನು ನೋಡಬಹುದೇ ಎಂದು ತಸ್ಲೀಮ ಹುಲೆಪ್ಪನವರನ್ನು ಕೇಳಿದಳು. ಅವರು ಅವನ್ನು ಎಸೆದಿರಲಿಲ್ಲ. ಹೊಲಿಗೆ ಯಂತ್ರದ ಖಾನೆಯಿಂದ ಕಾಗದದ ಪೊಟ್ಟಣ ತಂದು ಬಿಚ್ಚಿದರು. ಅವಳು ಒಂದೊಂದನ್ನೇ ಎತ್ತಿ ಬೆಳಕಿಗೆ ಹಿಡಿದಳು.

“ಸಣ್ಣ ತುಪ್ಪಳ ಎಲ್ಲೆಲ್ಲಿ ಬಿದ್ದಿತ್ರಿ?”

“ಸಣ್ಣದು ಇದ್ದಿಲ್ರಿ. ಇವಷ್ಟ.”

“ರಕ್ತ?”

“ಇದ್ದಿಲ್ಲ.”

ದತ್ತಪ್ಪ ಬೈಕಿನ ಕಡೆಯಿಂದಲೇ, ಹಕ್ಕಿಯನ್ನು ಕಚ್ಚಿಕೊಂಡು ಬೇರೆಲ್ಲೋ ಒಯ್ದು ತಿಂದಿರಬೇಕು ಎಂದ. ಹಾಗೂ ಇರಬಹುದು ಎಂದು ತಸ್ಲೀಮ ತಲೆಯಾಡಿಸಿ, ಗರಿಗಳನ್ನು ಮತ್ತೆ ಪೊಟ್ಟಣ ಕಟ್ಟಿಕೊಟ್ಟಳು. ಆಮೇಲೆ ನನ್ನನ್ನು ಕರೆದುಕೊಂಡು ಮಿಲಿಂದನ ಅಂಗಡಿಗೆ ನಡೆದಳು.

ಅಂಗಡಿಯಲ್ಲಿ ನಿಂತು ನೋಡಿದರೆ ತೆರೆದ ಬಾಗಿಲಿನಿಂದ ಅಂಗಳವೂ ಏಣಿಯೂ ಮಾಳಿಗೆಯ ಅಂಚೂ ಪಡಸಾಲೆಯೂ ನೇರಕ್ಕೆ ಕಾಣುತ್ತಿದ್ದವು. ತಸ್ಲೀಮ ಅದನ್ನು ನೋಡಿಕೊಂಡೇ, ಪದ್ಯ ಬಹಳ ಚೆನ್ನಾಗಿದೆ, ವಿದ್ಯಾರ್ಥಿಗಳಿಗೆ ಹೇಳಬೇಕೆಂದಿದ್ದೇನೆ, ಅರ್ಥ ಹೇಳಿಕೊಡಿ ಎಂದಳು. ಮಿಲಿಂದ ಮೊದಲು ಹಲ್ಲು ಕಿರಿದ. ನಗೆಪದ್ಯಕ್ಕೆ ಅರ್ಥವೇನಿರುತ್ತದೆ ಎಂದ.

“ಬಾಲ ಇಲ್ಲದ ಬೆಕ್ಕು ಯಾವುದು? ಸುಲ್ತಾನಂದು ಮೊಳದುದ್ದ ಬಾಲ ಅದ ಅಂತ ಇಕಿ ಹೇಳ್ಯಾಳ.”

“ಪ್ರಾಸಕ್ಕ ಬರದೇನ್ರಿ, ಮೇಡಂ.”

“ಬಾಲ ಅನ್ನೋದು ಯಾವ ಪ್ರಾಸಕ್ಕೂ ಬೀಳೂದಿಲ್ಲ. ನೀವು ಛಂದಸ್ಸು ತಿಳಿದವರು. ಸುಮ್ಮನ ಬರಿಯೋರಲ್ಲ.”

ಅವನು ಝೆರಾಕ್ಸ್ ಯಂತ್ರದ ಮುಚ್ಚಳ ಎತ್ತಿದ, ಮುಚ್ಚಿದ. ಹಾಳೆ ಇರಲಿಲ್ಲ.

“ಜೋಳ ಕೊಟ್ಟರ ಒಲ್ಲೆ ಅಂದದ್ದು?”

ಮಿಲಿಂದ ಖಾಲಿ ಯಂತ್ರದ ಗುಂಡಿ ಒತ್ತಿದ.

“ನೀವು ಕಂಡೀರಿ” ಎಂದಳು ತಸ್ಲೀಮ. ಅದು ಪ್ರಶ್ನೆಯಾಗಿರಲಿಲ್ಲ.

ಮಿಲಿಂದ ಬಾಗಿಲ ಕಡೆ ನೋಡಿ ದನಿ ತಗ್ಗಿಸಿದ. “ಕಂಡು ಏನ್ ಮಾಡ್ಲಿರಿ? ನಾ ಬಾಡಗಿ ಅಂಗಡ್ಯಾಗ ಇರೋನು. ಹಬ್ಬದ ದಿನದಾಗ ಆ ಅಕ್ಕನ ತವರುಮನಿ ಮುರಿಯೋ ಮಾತು ನಾ ಹ್ಯಾಂಗ ಆಡ್ಲಿ? ಬರದು ಬಿಟ್ಟೆ. ತಿಳಿಯೋರಿಗೆ ತಿಳೀತದ ಅಂತ. ಎಲ್ಲಾರೂ ನಕ್ಕರು, ನಕ್ಕು ಬೆಕ್ಕಿನ್ನ ಕಟ್ಟಾಕ ಚೀಲ ತಂದ್ರು.”

ಹೆಸರು ಮಾತ್ರ ಅವನು ಹೇಳಲಿಲ್ಲ. ತಸ್ಲೀಮಳೂ ಕೇಳಲಿಲ್ಲ.

ನಾವು ಅಂಗಳಕ್ಕೆ ಮರಳಿದೆವು. ಮಿಲಿಂದ ಹೇಳಿದ್ದು ಸುಳ್ಳಲ್ಲ. ಮಾತು ಆಡಿದರೆ ಒಂದು ತವರು ಮುರಿಯುತ್ತದೆ. ಆಡದಿದ್ದರೆ ಮದೀನಾಬಿಯ ಗಂಟು ಬಸ್ ನಿಲ್ದಾಣ ಸೇರುತ್ತದೆ. ತಸ್ಲೀಮಳ ತೋಳು ಹಿಡಿದು, ಬೇಡ ಎಂದು ಹೇಳಬೇಕೆನಿಸಿತು, ಹೇಳು ಎಂದೂ ಅನಿಸಿತು. ಎರಡನ್ನೂ ಬಿಟ್ಟು, ಏಣಿ ಕಿರುಗುಟ್ಟಿದ್ದನ್ನು ಅಲ್ಲಿದ್ದವರ ಮುಂದೆ ಹೇಳಿಬಿಟ್ಟೆ. ಹುಲೆಪ್ಪನವರು ನನ್ನನ್ನೇ ನೋಡಿದರು.

ತಸ್ಲೀಮ ಪಡಸಾಲೆಯ ಮೆಟ್ಟಿಲ ಮೇಲೆ ಭಾಗೀರಥಿಬಾಯಿಯ ಪಕ್ಕದಲ್ಲಿ ಕುಳಿತಳು. ಈ ಸಲ ಪಂಚಮಿಗೆ ತವರಿಗೆ ಹೋಗಲಿಲ್ಲವೇ ಎಂದು ಕೇಳಿದಳು. ಹೊಲಿಗೆಯ ಕೆಲಸ ತುಂಬ ಇತ್ತು, ಅದಕ್ಕೇ ತಮ್ಮನೇ ಉಂಡಿ ತಂದುಕೊಟ್ಟ ಎಂದರು ಆಕೆ. ಎಳ್ಳಿನ ಉಂಡಿ, ಶೇಂಗಾದ ಉಂಡಿ, ದೊಡ್ಡ ಬುಟ್ಟಿಯ ತುಂಬ. ಹಕ್ಕಿ ಹೋದ ದಿನವೇ ಮಧ್ಯಾಹ್ನ ಬಂದಿದ್ದ, ಉಣ್ಣಿಸಿ ಕಳಿಸಿದೆ ಎಂದರು.

“ಬುಟ್ಟಿಗೆ ಏನ್ ತುಂಬಿ ಕಳಿಸಿದ್ರಿ?”

ನಮ್ಮ ಕಡೆ ತವರಿನಿಂದ ಬಂದ ಬುಟ್ಟಿಯನ್ನು ಬರಿದಾಗಿ ತಿರುಗಿಸುವುದಿಲ್ಲ. ಬೇರೇನೂ ಇಲ್ಲದಿದ್ದರೆ ಒಂದು ಸೇರು ಜೋಳವನ್ನಾದರೂ ಹಾಕುತ್ತಾರೆ. ಮನೆಯ ಹೆಣ್ಣುಮಗಳು ಕೊಟ್ಟದ್ದನ್ನು ಬೇಡವೆನ್ನುವ ತಮ್ಮನಿಲ್ಲ.

ಭಾಗೀರಥಿಬಾಯಿ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿದರು.

“ಏನೂ ಇಲ್ರಿ. ಜೋಳ ತಂದೆ. ಅವ ಆಗಲೇ ಬುಟ್ಟಿ ಬಾಯಿಗೆ ಟವೆಲ್ ಕಟ್ಟಿದ್ದ. ಒಲ್ಲೆ, ಭಾರ ಆಗ್ತದ ಅಂತ ಕೈ ಮುಗದ. ನನಗ ಭಾಳ ಕೆಟ್ಟನಿಸ್ತು. ಯಾರ ಮುಂದೂ ಅಂದಿಲ್ಲ.”

ಹೇಳುತ್ತ ಹೇಳುತ್ತಲೇ ಅವರು ತಮ್ಮನ ಕಡೆ ತಿರುಗಿದರು.

ದತ್ತಪ್ಪ ನಕ್ಕ. “ಅಕ್ಕಾ, ಒಂದು ಸೇರು ಜೋಳಕ್ಕ ಇಷ್ಟು ಮಾತಾ?”

“ಒಂದು ಸೇರು ಜೋಳನೂ ಭಾರ ಆಗೋ ಬೈಕ್ ಅಲ್ಲ ಅದು” ಎಂದಳು ತಸ್ಲೀಮ. ಎದ್ದು ನಿಂತಳು. ತರಗತಿಯಲ್ಲಿ ಪದ್ಯ ಬಿಡಿಸುವಾಗಲೂ ಅವಳ ದನಿ ಹೀಗೇ ಇರುತ್ತದೆಂದು ನನಗೆ ಗೊತ್ತು.

ಬೆಕ್ಕು ಹಕ್ಕಿಯನ್ನು ಹಿಡಿದರೆ ಮೊದಲು ಎದೆಯ ಸಣ್ಣ ತುಪ್ಪಳ ಹಾರುತ್ತದೆ ಎಂದು ಅವಳು ವಿವರಿಸಿದಳು. ಇಲ್ಲಿ ಬಿದ್ದದ್ದು ಬರೀ ರೆಕ್ಕೆಯ ದೊಡ್ಡ ಗರಿ, ಅದೂ ಬುಡಸಮೇತ. ಬೇರೆಯವರ ಪಾರಿವಾಳ ತಂದವರು ಅದು ತನ್ನ ಗೂಡಿಗೆ ಹಾರಿಹೋಗದಂತೆ ಹೀಗೇ ಕೀಳುತ್ತಾರೆ. ಮತ್ತೆ ಬೆಳೆಯುವ ಹೊತ್ತಿಗೆ ಅದಕ್ಕೆ ಹೊಸ ಗೂಡು ಒಗ್ಗಿರುತ್ತದೆ. ಜಾಳಿಗೆ ಹರಿದು, ಕಿತ್ತದ್ದನ್ನು ಅಲ್ಲೇ ಬಿಟ್ಟರೆ ಅನುಮಾನ ಬೆಕ್ಕಿನ ಮೇಲೂ ಹೋಗುತ್ತದೆ. ಒಂದೇ ಕೆಲಸದಿಂದ ಎರಡು ಲಾಭ.

“ಕೀಳೋದು ಪಾರಿವಾಳ ಸಾಕಿದವರಿಗೆ ಗೊತ್ತಿರ್ತದ. ಆದರ ಅಂಥೋರು ಊರಾಗ ಬೇಕಾದಷ್ಟು ಮಂದಿ ಇದ್ದಾರ. ಯಾರು ಅಂತ ಹೇಳಿದ್ದು ಪದ್ಯ. ನಾವೆಲ್ಲಾ ನಕ್ಕು ಮುಂದ ಹೋದ್ವಿ. ಏಣಿ ಹತ್ತಿತು, ಆರಿಸಿ ಕಿತ್ತಿತು, ಉಂಡಿ ತಿಂದು ಕೈ ತೊಳೀತು. ಇದರಾಗ ಒಂದಾದರೂ ಬೆಕ್ಕು ಮಾಡೋ ಕೆಲಸ ಅದ ಏನ್ರಿ? ಹೋಗ್ಲಿ, ಅದೆಲ್ಲಾ ಚ್ಯಾಷ್ಟಿ ಅನ್ನೋಣ. ಆದರ ಬೆಕ್ಕಿಗೆ ಜೋಳ ಯಾರು ಕೊಡ್ತಾರ? ಹಾಲು ಕೊಟ್ಟರ ಒಲ್ಲೆ ಅಂತು ಅಂದಿದ್ರ ನಗೆ ಬರ್ತಿತ್ತು. ಬರದವರು ಜೋಳ ಅಂದಾರ. ಅಂದ್ರ ಯಾರೋ ಯಾರಿಗೋ ಜೋಳ ಕೊಟ್ಟಿದ್ದು ಖರೇ, ಒಲ್ಲೆ ಅಂದಿದ್ದೂ ಖರೇ. ಆ ದಿನ ಈ ಮನ್ಯಾಗ ಜೋಳ ಬೇಡಂದವರು ಒಬ್ಬರೇ. ಬುಟ್ಟ್ಯಾಗ ಜಾಗಾ ಇದ್ದಿಲ್ಲ, ದತ್ತಪ್ಪ. ಚಾಂದನಿ ಇತ್ತು.”

ದತ್ತಪ್ಪ ಮಿಲಿಂದನ ಅಂಗಡಿಯ ಕಡೆ ನೋಡಿದ. ಮಿಲಿಂದ ಬಾಗಿಲಿಗೆ ಬಂದು ನಿಂತಿದ್ದ. ಈ ಸಲ ಅವನು ಒಳಗೆ ಸರಿಯಲಿಲ್ಲ.

“ಎರಡು ಸಲ ಚಾಂದನಿದು ಮರಿ ಕೇಳಿದೆ” ಎಂದ ದತ್ತಪ್ಪ, ಒರೆಸುವ ಬಟ್ಟೆಯನ್ನು ಮಡಚುತ್ತ. “ಮಂದಿ ಮುಂದ ಕೇಳಿದೆ. ನಿನ್ನ ಕೈಯಾಗ ಹಕ್ಕಿ ಉಳಿಯೂದಿಲ್ಲ ಅಂದ ಮಾವ. ಮಂದಿ ಮುಂದೇ ಅಂದ.”

“ಜೀವಂತ ಅದ ಏನು?” ಹುಲೆಪ್ಪನವರು ಕೇಳಿದ್ದು ಇಷ್ಟೇ.

“ಅದ. ಚಲೋ ಅದ.”

ಹುಲೆಪ್ಪನವರ ಮುಖ ಕೆಂಪಾಗಿತ್ತು. ಈಗ ಬೈಕನ್ನು ಕೆಡವುತ್ತಾರೆ, ಹೆಂಡತಿಯ ತಮ್ಮನ ಮೇಲೆ ಕೈ ಎತ್ತುತ್ತಾರೆ ಎಂದುಕೊಂಡೆ. ಅಷ್ಟರಲ್ಲಿ ಭಾಗೀರಥಿಬಾಯಿ ಎದ್ದರು. ಯಾರನ್ನೂ ನೋಡದೆ ಒಳಗೆ ಹೋಗಿ ಎರಡು ತಾಟು ತಂದರು. ರೊಟ್ಟಿ, ಪಲ್ಯ, ಅನ್ನ, ಮೇಲೆ ಗಟ್ಟಿ ಮೊಸರು.

“ಇಬ್ರೂ ಉಣ್ರಿ. ಉಂಡು ಕೂಡೇ ಹೋಗ್ರಿ. ಹಕ್ಕಿ ತಗೊಂಡು ಕೂಡೇ ಬರ್ರಿ. ಜಗಳ ಏನಿದ್ರೂ ನಾಳಿಗೆ ನನ್ನ ಮುಂದ ಆಗಲಿ. ತಮ್ಮಾ, ಮೊದಲ ಆ ಅವ್ವಗ ಒಂದು ಮಾತು ಹೇಳು.”

ದತ್ತಪ್ಪ ಮದೀನಾಬಿಯ ಮುಂದೆ ನಿಂತ. ತುಟಿ ಅಲ್ಲಾಡಿತು. ತಪ್ಪಾಯಿತು ಎಂಬುದು ಅವರಿಗಷ್ಟೇ ಕೇಳಿಸಿರಬೇಕು. ಅವರು ತಲೆಯೆತ್ತಿ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು.

“ಗಂಟು ಬಿಚ್ಚೋ” ಎಂದರು.

ಅವನು ಸೀರೆಯ ಗಂಟಿಗೆ ಕೈ ಹಾಕಿದ.

“ಅದಲ್ಲ. ಅದು ನಾ ಬಿಚ್ಚಕೋತೇನಿ. ಚೀಲದ್ದು.”

ಕಟ್ಟಿದವನೇ ಬಿಚ್ಚಲು ಹೋದರೂ ಹಗ್ಗ ಬೇಗ ಸಡಿಲಾಗಲಿಲ್ಲ. ಕೊನೆಗೆ ಚೀಲದ ಬಾಯಿ ತೆರೆಯಿತು. ಸುಲ್ತಾನ ಹೊರಗೆ ಬಂದು ಮೈ ಕೊಡವಿ, ನಮ್ಮೆಲ್ಲರ ಮೇಲೆ ಒಮ್ಮೆ ಕಣ್ಣಾಡಿಸಿ, ಸೀದಾ ಪಡಸಾಲೆಯ ಮೆಟ್ಟಿಲೇರಿ ದತ್ತಪ್ಪನ ತಾಟಿನ ಮುಂದೆ ಕುಳಿತು ಮೊಸರು ನೆಕ್ಕತೊಡಗಿತು.

ಮನೆಯವರು, ಬಾಡಿಗೆದಾರರು, ಎಲ್ಲರೂ ಅಲ್ಲೇ ನಿಂತು ನೋಡುತ್ತಿದ್ದೆವು. ಯಾರೂ ಅದನ್ನು ಓಡಿಸಲಿಲ್ಲ.