ತೋಳಬೇಟೆಗೆ ಹೋದ ಮೂರು ದೀಪಗಳು

ಬಹಳ ಹಿಂದೆ, ಹುಲ್ಲು ಆಳೆತ್ತರಕ್ಕೆ ಬೆಳೆಯುತ್ತಿದ್ದ ಕಾಲದಲ್ಲಿ, ಕಾವಲುನಾಡು ಎಂಬ ರಾಜ್ಯವಿತ್ತು. ಪದುಮಲೆ ಎಂಬ ರಾಣಿ ಅದನ್ನು ಆಳುತ್ತಿದ್ದಳು. ಅಲ್ಲಿಯ ಜನರೆಲ್ಲ ಕುರಿ ಕಾಯುವವರು. ಹಗಲೆಲ್ಲ ಬಯಲಲ್ಲಿ ಮೇಯಿಸುವುದು, ಕತ್ತಲಾದರೆ ಹಟ್ಟಿಗೆ ಹೊಡೆಯುವುದು, ಹೀಗೇ ಅವರ ಬದುಕು ನಡೆದಿತ್ತು.

ಒಂದು ವರ್ಷ ಆ ನಾಡಿಗೆ ತೋಳದ ಕಾಟ ಶುರುವಾಯಿತು. ಇಂದು ಈ ಹಟ್ಟಿ, ನಾಳೆ ಆ ಹಟ್ಟಿ. ಬೆಳಗಾದರೆ ರಕ್ತ ಮೆತ್ತಿದ ಉಣ್ಣೆ ಬಿಟ್ಟು ಬೇರೇನೂ ಸಿಗುತ್ತಿರಲಿಲ್ಲ. ರಾಣಿ ಬೇಟೆಗಾರರನ್ನು ಕಳಿಸಿದಳು. ಒಬ್ಬೊಬ್ಬರಿಗೂ ಮೂರು ರಾತ್ರಿಯ ಗಡುವು. ಮೂರನೆಯ ರಾತ್ರಿ ಹೋದವನು ತಿರುಗಿ ಬರುತ್ತಿರಲಿಲ್ಲ. ಹೀಗೆ ಆರು ಜನ ಹೋದರು. ಏಳನೆಯವನಾಗಿ ಬೀರಣ್ಣ ಹೋದ. ಅವನೂ ಬರಲಿಲ್ಲ.

ಬೀರಣ್ಣನಿಗೆ ಲಗಮವ್ವ ಎಂಬ ತಂಗಿ ಇದ್ದಳು. ಬಿಲ್ಲು ಹಿಡಿಯುವುದನ್ನು ಅಣ್ಣನಿಂದಲೇ ಕಲಿತವಳು. ಮಗ ಹೋದ ಮೇಲೆ ತಾಯಿ ರೊಟ್ಟಿ ಮುಟ್ಟುವುದನ್ನೇ ಬಿಟ್ಟಳು. ಮೂರು ತಿಂಗಳು ಅದನ್ನು ನೋಡಿದ ಲಗಮವ್ವ ಒಂದು ದಿನ ಬಿಲ್ಲು ಹೆಗಲಿಗೇರಿಸಿ ಅರಮನೆಗೆ ಹೋದಳು. ತಾನೂ ತೋಳಬೇಟೆಗೆ ಹೋಗುತ್ತೇನೆ ಎಂದಳು. ರಾಣಿ ಬೇಡವೆಂದಳು, ಬುದ್ಧಿ ಹೇಳಿದಳು, ಕೊನೆಗೆ ಒಪ್ಪಿದಳು.

ಅರಮನೆಯಲ್ಲಿ ಮೂರು ಮಾಯಾದೀಪಗಳಿದ್ದವು. ಬೆಳದಿಂಗಳನ್ನು ನೂತು ಬತ್ತಿ ಹೊಸೆದ ಬಿಳಿ ದೀಪ ಒಂದು. ಮಿಂಚುಹುಳಗಳು ಕೊಟ್ಟ ಹಸಿರು ದೀಪ ಒಂದು. ನೂರು ವರ್ಷದಿಂದ ಆರದ ಕೆಂಡವನ್ನು ಒಳಗಿಟ್ಟ ಕೆಂಪು ದೀಪ ಒಂದು. ದೀಪ ಕೊಡುವ ಕೆಲಸ ರಾಣಿಯ ಬೇಟೆಯ ಒಡೆಯ ಉದ್ದಂಡನದು. ಅವನು ಈ ಕಾಟ ಶುರುವಾಗುವ ಮುಂಚಿನ ಮಳೆಗಾಲದಲ್ಲಿ ಎಲ್ಲಿಂದಲೋ ಬಂದವನು. ಎಲ್ಲ ಬೇಟೆಗಾರರಿಗೂ ಬಿಳಿ ದೀಪವನ್ನೇ ಕೊಟ್ಟಿದ್ದ. ಲಗಮವ್ವನಿಗೂ ಅದನ್ನೇ ಕೊಟ್ಟ.

ಮೊದಲನೆಯ ರಾತ್ರಿ ಅವಳು ಹಟ್ಟಿಯ ಬೇಲಿಯ ಬಳಿ ಕೂತಳು. ನಡುರಾತ್ರಿಗೆ ಹುಲ್ಲು ಅಲ್ಲಾಡಿತು. ದೀಪದ ಮುಚ್ಚಳ ತೆಗೆದಳು. ಬಯಲಿಗೆ ಬಯಲೇ ಹಗಲಾಯಿತು. ಅದೇ ಗಳಿಗೆಯಲ್ಲಿ ದೂರದ ಗುಡ್ಡದಿಂದ ಒಂದು ಸಿಳ್ಳೆ ಕೇಳಿಸಿತು. ತೋಳಗಳು ಬೆನ್ನು ತಿರುಗಿಸಿ ಓಡಿದವು. ಅವಳಿಗೆ ಕಂಡದ್ದು ಬಾಲಗಳಷ್ಟೇ. ಆ ರಾತ್ರಿ ಪಕ್ಕದ ಹಟ್ಟಿಯಲ್ಲಿ ಹತ್ತು ಕುರಿ ಹೋದವು.

ಎರಡನೆಯ ರಾತ್ರಿಗೆ ಅವಳು ಹಸಿರು ದೀಪ ಕೇಳಿದಳು. ಉದ್ದಂಡ ಗೊಣಗಿಕೊಂಡೇ ಕೊಟ್ಟ. ಅದರ ಬೆಳಕು ಮೆತ್ತಗಿತ್ತು, ತೋಳಗಳು ಇನ್ನೂ ಹತ್ತಿರ ಬಂದವು. ಆದರೆ ಆ ಬೆಳಕಿನಲ್ಲಿ ಹುಲ್ಲೂ ಹಸಿರು, ತೋಳದ ಮೈಯೂ ಹಸಿರು. ಎರಡು ಕಣ್ಣು ಫಳಕ್ಕೆಂದವು. ಬಾಣ ಬಿಟ್ಟಳು. ಕುಂಯ್ಗುಟ್ಟಿದ್ದು ಅವಳದೇ ನಾಯಿ. ಬಾಣ ಕಿವಿಯ ತುದಿ ಸವರಿಕೊಂಡು ಹೋಗಿತ್ತು. ಗುಡ್ಡದಿಂದ ಮತ್ತೆ ಸಿಳ್ಳೆ ಬಂತು, ತೋಳಗಳು ಮಾಯವಾದವು. ಲಗಮವ್ವ ನಾಯಿಯನ್ನು ತೊಡೆಯ ಮೇಲೆ ಮಲಗಿಸಿಕೊಂಡು ಬೆಳಗಿನವರೆಗೂ ಅದರ ಕಿವಿಗೆ ಅರಿಸಿನ ಹಚ್ಚುತ್ತಾ ಕೂತಳು. ಯಾರ ಕಣ್ಣೆಂದು ತಿಳಿಯದೆ ಬಾಣ ಬಿಟ್ಟೆನಲ್ಲ ಎಂದು ತನ್ನನ್ನೇ ಬೈದುಕೊಂಡಳು.

ಮೂರನೆಯ ದಿನ ಅವಳು ಕೆಂಪು ದೀಪ ಕೇಳಿದಳು. ಉದ್ದಂಡ ಕೊಡಲು ಒಪ್ಪಲಿಲ್ಲ. ಅದರಿಂದ ಇಪ್ಪತ್ತು ಹೆಜ್ಜೆ ಕೂಡ ಕಾಣುವುದಿಲ್ಲ, ಬಿಳಿಯದನ್ನೇ ಒಯ್ಯಿ ಎಂದ. ಮಾತು ರಾಣಿಯವರೆಗೂ ಹೋಯಿತು.

"ಯಾಕೆ ಇದೇ ಬೇಕು ನಿನಗೆ?" ಎಂದು ರಾಣಿ ಕೇಳಿದಳು.

"ತಾಯಿ, ನಮ್ಮ ಹಟ್ಟಿಯ ಒಲೆಯಲ್ಲಿ ಕೆಂಡ ಉಳಿದಿದ್ದರೂ ನರಿಗೆ ಅದರ ಕೆಂಪು ಕಾಣುವುದಿಲ್ಲ, ಹೆದರದೆ ಪಕ್ಕದಲ್ಲೇ ಹಾದು ಹೋಗುತ್ತದೆ. ದೂರದಿಂದ ಕಣ್ಣು ಕಂಡರೆ ನನಗೆ ಸಾಲದು. ಹತ್ತಿರ ಬರಲಿ, ಇಡೀ ಮೈ ಕಾಣಲಿ. ಆಮೇಲೆ ಬಾಣ" ಎಂದಳು ಲಗಮವ್ವ.

ಬೇಟೆಗೆ ಹೋಗುವವಳೇ ದೀಪ ಆರಿಸಿಕೊಳ್ಳಲಿ ಎಂದು ರಾಣಿ ಅಪ್ಪಣೆ ಕೊಟ್ಟಳು.

ಆ ರಾತ್ರಿ ಲಗಮವ್ವ ಕೆಂಪು ದೀಪವನ್ನು ಕಲ್ಲಿನ ಮೇಲಿಟ್ಟು ಕಾದಳು. ಹುಲ್ಲು ಅಲ್ಲಾಡಿತು. ಸಿಳ್ಳೆ ಕೇಳಿಸಲಿಲ್ಲ. ಒಂದರ ಹಿಂದೆ ಒಂದು ತೋಳಗಳು ಬೆಳಕಿನೊಳಗೆ ಬಂದವು. ಏಳು ತೋಳಗಳು. ಅವು ದೀಪವನ್ನೇ ನೋಡುತ್ತಾ ಹತ್ತು ಹೆಜ್ಜೆ ದೂರದಲ್ಲಿ ಕುಳಿತವು. ಲಗಮವ್ವ ಬಾಣ ಹೂಡಿ ಹೆದೆ ಎಳೆದಳು, ಮುಂದಿನ ತೋಳದ ಕಣ್ಣಿಗೆ ಗುರಿಯಿಟ್ಟಳು. ಹೆದೆ ಎಳೆದ ಕೈ ಅಲ್ಲೇ ನಿಂತಿತು. ಆ ಕಣ್ಣು ಹೊಳೆಯುತ್ತಿರಲಿಲ್ಲ. ಏಳರಲ್ಲಿ ಒಂದರ ಕಣ್ಣೂ ಹೊಳೆಯುತ್ತಿರಲಿಲ್ಲ.

ದೀಪ ಹಿಡಿದರೆ ಕುರಿಯ ಕಣ್ಣು ಹೊಳೆಯುತ್ತದೆ, ನಾಯಿಯ ಕಣ್ಣು ಹೊಳೆಯುತ್ತದೆ, ನರಿಯದೂ ಹೊಳೆಯುತ್ತದೆ. ಹೊಳೆಯದಿರುವುದು ಮನುಷ್ಯರ ಕಣ್ಣು. ರಾತ್ರಿ ಕುರಿ ಕಾದವರಿಗೆ ಇದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಅವಳು ಮೆಲ್ಲಗೆ ಬಿಲ್ಲು ಇಳಿಸಿದಳು. "ಬೀರಣ್ಣಾ" ಎಂದು ಕರೆದಳು. ಕೊನೆಯಲ್ಲಿ ಕೂತಿದ್ದ ತೋಳ ತಲೆಯೆತ್ತಿತು. ಹೊಟ್ಟೆಯನ್ನು ನೆಲಕ್ಕೆ ಹಚ್ಚಿ ತೆವಳುತ್ತಾ ಬಂದು ಅವಳ ಪಾದದ ಮೇಲೆ ಗದ್ದ ಇಟ್ಟಿತು.

ಅಷ್ಟರಲ್ಲಿ ಗುಡ್ಡದ ಕಡೆಯಿಂದ ಹೆಜ್ಜೆ ಸಪ್ಪಳ ಕೇಳಿಸಿತು. ಬಂದವನು ಉದ್ದಂಡ. ಅವನ ತೋಳಿನ ಮೇಲೆ ಬೂದುಬಣ್ಣದ ಒಂದು ತೋಳದ ಚರ್ಮ ಜೋತಾಡುತ್ತಿತ್ತು. ಅವನು ನೇರವಾಗಿ ಕೆಂಪು ಬೆಳಕಿನೊಳಗೆ ನಡೆದು ಬಂದು ನಿಂತ. ಬೆಳಕು ಅವನ ಮುಖದ ತುಂಬ ಬಿದ್ದಿತ್ತು.

"ಎಲ್ಲಿದ್ದೀ ಲಗಮವ್ವಾ? ಏನೂ ಕಾಣುತ್ತಿಲ್ಲ. ದೀಪ ಹಚ್ಚು" ಎಂದ.

ಲಗಮವ್ವ ಉಸಿರು ಬಿಗಿಹಿಡಿದಳು. ಉರಿಯುತ್ತಿರುವ ದೀಪ ಅವನಿಗೆ ಕಾಣುತ್ತಿಲ್ಲ. ಕೆಂಡ ಕಾಣದ ನರಿಯ ಹಾಗೆ ಅವನು ಅತ್ತಿತ್ತ ನೋಡುತ್ತಿದ್ದ. ನೋಡಿದ ಕಡೆಯೆಲ್ಲ ಅವನ ಎರಡು ಕಣ್ಣುಗಳು ನಿಗಿನಿಗಿ ಹೊಳೆದವು.

ಮೈ ಮನುಷ್ಯನದು, ಅದೂ ರಾಣಿಯ ಅಧಿಕಾರಿಯದು. ತನ್ನ ಎಣಿಕೆ ತಪ್ಪಿದರೆ ಕೊಲೆಗಾತಿಯಾಗುತ್ತೇನೆ ಎಂದು ಅವಳಿಗೆ ಗೊತ್ತಿತ್ತು. ಉದ್ದಂಡ ಮೂಗರಳಿಸಿ ವಾಸನೆ ಹಿಡಿದ. ಅವಳಿದ್ದ ಕಡೆಗೆ ತಿರುಗಿದ. ಚರ್ಮವನ್ನು ಎರಡೂ ಕೈಯಲ್ಲಿ ಬಿಡಿಸಿ ಹಿಡಿದು ಹೆಜ್ಜೆ ಮುಂದಿಟ್ಟ. ಲಗಮವ್ವ ಆ ಹೊಳೆಯುವ ಕಣ್ಣುಗಳ ನಡುವೆ ಬಾಣ ಬಿಟ್ಟಳು.

ಕೆಳಗೆ ಬಿದ್ದದ್ದು ಮನುಷ್ಯನಲ್ಲ. ಹಲ್ಲು ಹಳದಿಗಟ್ಟಿದ, ಕತ್ತೆಯಷ್ಟು ದೊಡ್ಡದಾದ ಮುದಿ ಕತ್ತೆಕಿರುಬ. ಮನುಷ್ಯವೇಷ ಕಲಿತು, ಮೊದಮೊದಲು ತಾನೇ ತೋಳದ ಚರ್ಮ ಹೊದ್ದು ಹಟ್ಟಿಗಳಿಗೆ ನುಗ್ಗಿ, ಆಮೇಲೆ ಬಂದ ಬೇಟೆಗಾರರಿಗೆ ಚರ್ಮ ಹೊದಿಸಿ ತೋಳ ಮಾಡಿ, ಅವರಿಂದ ಕುರಿ ತರಿಸಿಕೊಂಡು ತಿನ್ನುತ್ತಿದ್ದದ್ದು ಅದೇ. ಬಿಳಿ ದೀಪ, ಹಸಿರು ದೀಪ ಕಂಡೊಡನೆ ಸಿಳ್ಳೆ ಹಾಕಿ ಅವರನ್ನು ಹಿಂದಕ್ಕೆ ಕರೆಯುತ್ತಿದ್ದದ್ದೂ ಅದೇ. ಅದರ ಉಸಿರು ನಿಂತದ್ದೇ ತಡ, ಏಳು ತೋಳಗಳ ಮೈಯಿಂದ ಏಳು ಚರ್ಮಗಳು ಕಳಚಿ ಬಿದ್ದು ಬೂದಿಯಾದವು. ಏಳು ಜನ ಗಂಡಸರು ಹುಲ್ಲಿನಲ್ಲಿ ಮಂಡಿಯೂರಿ ಕುಳಿತು ತಮ್ಮ ತಮ್ಮ ಕೈ ನೋಡಿಕೊಂಡರು.

ಬೀರಣ್ಣ ತಂಗಿಯ ಕಾಲು ಬಿಡಲೇ ಇಲ್ಲ. "ನೀನು ಹೂಡಿದ ಬಾಣ ನನಗೆ ಕಾಣುತ್ತಿತ್ತು. ಕೂಗಲು ಬಾಯಿ ಬರಲಿಲ್ಲ" ಎಂದ.

"ನನಗೂ ನಿನ್ನ ಕಣ್ಣು ಕಾಣುತ್ತಿತ್ತು" ಎಂದಳು ಲಗಮವ್ವ.

ಬೆಳಗಾಗುವ ಹೊತ್ತಿಗೆ ಏಳು ಮನೆಗಳ ಬಾಗಿಲು ತೆರೆದವು. ಬೀರಣ್ಣನಿಗೆ ಕೆಲವು ದಿನ ಒಳಗೆ ನಿದ್ದೆ ಬರಲಿಲ್ಲ. ಅಂಗಳದಲ್ಲಿ ಮುದುರಿ ಮಲಗುತ್ತಿದ್ದ, ನಾಯಿಗಳು ಅವನನ್ನು ಕಂಡು ದೂರ ಸರಿಯುತ್ತಿದ್ದವು. ತಾಯಿ ತಾನೂ ಅಂಗಳದಲ್ಲೇ ಕಂಬಳಿ ಹಾಸಿಕೊಂಡಳು. ದೀಪಗಳ ಹೊಣೆಯನ್ನು ರಾಣಿ ಲಗಮವ್ವನಿಗೆ ವಹಿಸಿದಳು. ಮುಂದಿನ ಮಳೆ ಬೀಳುವಷ್ಟರಲ್ಲಿ ಬೀರಣ್ಣ ನಡುಮನೆಯಲ್ಲಿ ಗೊರಕೆ ಹೊಡೆಯುತ್ತಿದ್ದ, ತಾಯಿ ಅದನ್ನು ಕೇಳಿಸಿಕೊಂಡು ಕತ್ತಲಲ್ಲೇ ನಗುತ್ತಿದ್ದಳು. ಕಾವಲುನಾಡಿನಲ್ಲಿ ಕುರಿಮರಿಗಳು ಹುಟ್ಟಿದವು, ಹುಲ್ಲು ಬೆಳೆಯಿತು, ಜನರು ಕಣ್ತುಂಬ ನಿದ್ದೆ ಮಾಡಿದರು.